ವಿಂಡೋಸ್ ಮರುಸ್ಥಾಪನೆ ಮತ್ತು ಪರವಾನಗಿ: ತಿಳಿದಿರಬೇಕಾದ ಸಂಗತಿಗಳು

ಗಣಕಯಂತ್ರ ನಿಧಾನವಾಯಿತೆಂದು ದುರಸ್ತಿಗೆ ಕೊಟ್ಟರೆ ಹಲವು ವೇಳೆ ಸಿಗುವ ಸಲಹೆ ಒಂದೇ: ‘ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋಣ.’ ಪುಣೆಯ ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಗಣಕ ಮರಳಿ ಬಂದಾಗ ಪರದೆಯ ಮೂಲೆಯಲ್ಲಿ ‘ವಿಂಡೋಸ್ ಸಕ್ರಿಯಗೊಳಿಸಿ’ ಎಂಬ ಸೂಚನೆಯಿತ್ತು. ಹಣ ತೆತ್ತು ಕೊಂಡ ಪರವಾನಗಿ ಏನಾಯಿತೆಂದು ವಿಚಾರಿಸಿದಾಗ ತಿಳಿದದ್ದಿಷ್ಟು: ನಮ್ಮ ಪರವಾನಗಿ ಹೋಮ್ ಆವೃತ್ತಿಯದು, ಅಂಗಡಿಯವರು ಹಾಕಿದ್ದು ಪ್ರೊ ಆವೃತ್ತಿ. ಹೋಮ್ ಆವೃತ್ತಿಯನ್ನೇ ಮತ್ತೆ ಸ್ಥಾಪಿಸಿ ಅಂತರ್ಜಾಲಕ್ಕೆ ಜೋಡಿಸಿದ ಮೇಲೆ ಸೂಚನೆ ಮರೆಯಾಯಿತು.

ವಿಂಡೋಸ್‌ಗೆ ಹಣ ತೆತ್ತಾಗ ನಮಗೆ ದೊರೆಯುವುದು ತಂತ್ರಾಂಶದ ಒಡೆತನವಲ್ಲ, ಬಳಕೆಯ ಅನುಮತಿ. ಮನೆಬಳಕೆಯ ವಿಂಡೋಸ್‌ಗೆ ಸಕ್ರಿಯಗೊಳಿಸುವ ಕ್ರಮ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. 25 ಅಕ್ಷರ-ಅಂಕಿಗಳ ಕೀಲಿಯೊಡನೆ ಯಂತ್ರದ ಗುರುತೂ ತಾಳೆಯಾಗಬೇಕು. ಬ್ಯಾಂಕಿನ ಲಾಕರ್ ತೆರೆಯಲು ಗ್ರಾಹಕರ ಕೀಲಿ, ಬ್ಯಾಂಕಿನ ಕೀಲಿ ಎರಡೂ ಬೇಕಾದಂತೆ ಇದು. 2012ರ ವಿಂಡೋಸ್ 8ರಿಂದೀಚೆಗೆ ಯಂತ್ರದೊಡನೆ ಬಂದ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಅಡಗಿರುತ್ತದೆ. 2015ರ ವಿಂಡೋಸ್ 10ರಿಂದ ‘ಡಿಜಿಟಲ್ ಪರವಾನಗಿ’ಯು ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿ ದಾಖಲಾಗುತ್ತದೆ. ಆದುದರಿಂದ ಅದೇ ಯಂತ್ರದಲ್ಲಿ ಅದೇ ಆವೃತ್ತಿಯನ್ನು ಮರುಸ್ಥಾಪಿಸಲು ಹೊಸ ಪರವಾನಗಿ ಕೊಳ್ಳಬೇಕಿಲ್ಲ. ಕೀಲಿ ಕೇಳಿದಾಗ ‘ನನ್ನಲ್ಲಿ ಕೀಲಿ ಇಲ್ಲ’ ಎಂಬುದನ್ನು ಆರಿಸಿ ಮುಂದುವರಿಯಬಹುದು.

ಮದರ್‌ಬೋರ್ಡ್ ಬದಲಾದರೆ ಮಾತು ಬೇರೆ. ಯಂತ್ರದೊಡನೆ ಬಂದ ಓಇಎಂ ಪರವಾನಗಿ ಆ ಯಂತ್ರಕ್ಕೇ ಮೀಸಲು. ಬಿಡಿಯಾಗಿ ಕೊಂಡ ರಿಟೇಲ್ ಪರವಾನಗಿಯನ್ನು ಹಳೆಯ ಯಂತ್ರದಿಂದ ತೆಗೆದು ಮತ್ತೊಂದಕ್ಕೆ ಒಯ್ಯಬಹುದು. ಆದ್ದರಿಂದ ದುರಸ್ತಿಗೆ ಮುನ್ನವೇ ಸೆಟ್ಟಿಂಗ್ಸ್‌ನ ‘ಆಕ್ಟಿವೇಶನ್’ ಪುಟ ತೆರೆದು ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ. ಖರೀದಿಯ ರಸೀದಿಯನ್ನು ಜೋಪಾನವಾಗಿಡಿ.

‘ಪುಕ್ಕಟೆ ಸಕ್ರಿಯಗೊಳಿಸಿ ಕೊಡುತ್ತೇವೆ’ ಎನ್ನುವವರಿಂದ ದೂರವಿರುವುದು ಲೇಸು. ದೊಡ್ಡ ಸಂಸ್ಥೆಗಳಿಗೆ ಮೀಸಲಾದ, 180 ದಿನಗಳೊಳಗೆ ನವೀಕರಣಗೊಳ್ಳಬೇಕಾದ ವ್ಯವಸ್ಥೆಯನ್ನು ಅನುಕರಿಸುವ ಕಳ್ಳ ತಂತ್ರಾಂಶಗಳೂ ಇವುಗಳಲ್ಲಿವೆ. ಅವುಗಳ ಜೊತೆಯಲ್ಲಿ ಗುಪ್ತಪದ ಕದಿಯುವ ತಂತ್ರಾಂಶ ನುಸುಳಬಹುದು. ಅದೇ ಗಣಕದಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಿಗೆ ಇದು ಸಣ್ಣ ಅಪಾಯವಲ್ಲ. ತಿಳಿದೂ ಕಳ್ಳ ಪ್ರತಿಯನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಡಿ ಅಪರಾಧವೂ ಹೌದು.

ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ. ಬರಹ, ನುಡಿ ತಂತ್ರಾಂಶಗಳ ಹಳೆಯ ಕಡತಗಳು ಯೂನಿಕೋಡ್‌ನಲ್ಲಿ ಇಲ್ಲದಿರಬಹುದು. ಅವುಗಳ ಅಕ್ಷರಶೈಲಿಗಳು ಅಳಿದರೆ ಪತ್ರಗಳು ಓದಲಾಗದ ಚಿಹ್ನೆಗಳಾಗಿ ತೋರುತ್ತವೆ. ಕಡತಗಳ ಜೊತೆಗೆ ಈ ಫಾಂಟುಗಳನ್ನೂ ಬೇರೆ ಡಿಸ್ಕಿಗೆ ನಕಲಿಸಿಡಬೇಕು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹೀಗಾಗಿ ಅನೇಕ ಮನೆಗಳಲ್ಲಿ ಮರುಸ್ಥಾಪನೆಯ ಮಾತು ಈಗ ಏಳುವುದು ಸಹಜ. ಪರವಾನಗಿ ಕಳೆದರೆ ಮತ್ತೆ ಕೊಳ್ಳಬಹುದು. ಮನೆಯ ಹಿರಿಯರು ಬರೆದಿಟ್ಟ ಪತ್ರಗಳು ಅಳಿದರೆ ಮರಳಿ ಸಿಗಲಾರವು. ಬಂಧುಗಳು ಗಣಕವನ್ನು ಅಂಗಡಿಗೆ ಒಯ್ಯುವ ಮೊದಲು ಇವೆರಡನ್ನೂ ಭದ್ರಪಡಿಸಿಕೊಳ್ಳಬೇಕೆಂದು ನಮ್ಮ ವಿನಂತಿ.