ಒಡೆಯನ ಮನೆಯ ಪಾತ್ರೆಗಳು

ಪರಿಶುದ್ಧ ಜೀವನವೆಂದರೆ ಏನು ಎಂಬ ಪ್ರಶ್ನೆಗೆ ಕ್ರೈಸ್ತ ಶಾಸ್ತ್ರವು ಕೊಡುವ ಉತ್ತರಗಳಲ್ಲಿ ಒಂದು ಅಡಿಗೆಮನೆಯ ದೃಷ್ಟಾಂತದಿಂದ ಕೂಡಿದೆ. ಸಂತ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ದೊಡ್ಡದೊಂದು ಮನೆಯನ್ನು ನೆನೆಯಿಸುತ್ತಾನೆ. ಆ ಮನೆಯಲ್ಲಿ ಬೆಳ್ಳಿ ಬಂಗಾರದ ಪಾತ್ರೆಗಳೂ ಇವೆ, ಕಟ್ಟಿಗೆ ಮಣ್ಣಿನವೂ ಇವೆ. ಯಾವನು ತನ್ನನ್ನು ಶುದ್ಧಪಡಿಸಿಕೊಳ್ಳುವನೋ ಅವನು ಒಡೆಯನ ಕೆಲಸಕ್ಕೆ ಬರುವ ಪಾತ್ರೆಯಾಗುವನೆಂಬುದು ಅವನ ಮಾತಿನ ತಾತ್ಪರ್ಯ. ಇಲ್ಲಿ ವಾಚಕರು ಲಕ್ಷಿಸತಕ್ಕ ಸಂಗತಿಯೊಂದಿದೆ. ತೊಳೆಯುವದೇ ಇಲ್ಲಿ ಗುರಿಯಲ್ಲ, ಬಳಸುವದಕ್ಕಾಗಿ ತೊಳೆಯುವದು. ನಾಗೊಂದಿಗೆಯ ಮೇಲೆ ಬೆಳಗಿ ಬೋರಲಿಟ್ಟ ತಂಬಿಗೆಯು ಎಷ್ಟು ಥಳಥಳಿಸಿದರೂ ಬಾಯಾರಿದವನಿಗೆ ಅದರಿಂದ ಏನೂ ಆಗದು.

ನಮ್ಮ ಮನೆಗಳಲ್ಲಿ ಶುದ್ಧಿಗೆ ಇರುವ ಮಾತು ‘ಮಡಿ’. ಮಡಿಯ ಮೂಲಭಾವನೆ ಬೇರೆಯಾಗಿರುವದು, ಮುಟ್ಟಿಸಿಕೊಳ್ಳದಿರುವದು. ಸೋಜಿಗದ ಸಂಗತಿಯೆಂದರೆ, ಯೆಹೂದ್ಯರ ಹಳೆಯ ಗ್ರಂಥಗಳಲ್ಲಿ ‘ಪರಿಶುದ್ಧ’ವೆಂಬ ಅರ್ಥದ ಶಬ್ದಕ್ಕೂ ಪ್ರತ್ಯೇಕಿಸಿ ಇಟ್ಟದ್ದೆಂಬ ಭಾವವೇ ಇದೆ. ಹೊರಡುವ ಸ್ಥಳ ಒಂದೇ. ಹೋಗಿ ಸೇರುವ ಊರು ಮಾತ್ರ ಬೇರೆ. ಪೌಲನ ಪಾತ್ರೆಯು ಪ್ರತ್ಯೇಕವಾದುದು ಮುಟ್ಟದಿರಲೆಂದಲ್ಲ, ಎಲ್ಲರ ಎಲೆಗೆ ಬಡಿಸಲೆಂದು. ಕನ್ನಡ ಬೈಬಲ್ಲಿನಲ್ಲಿ ಅವನ ಪತ್ರಿಕೆಗಳ ಸಾಮಾನ್ಯ ವಿಶ್ವಾಸಿಗಳನ್ನು ‘ದೇವಜನರು’ ಎಂದು ಕರೆದಿರುವದೂ ಇದಕ್ಕೆ ಒಪ್ಪುವಂತಿದೆ. ಪರಿಶುದ್ಧತೆಯು ಮಠದೊಳಗಿನ ಕೆಲವರ ಸೊತ್ತಲ್ಲ, ಹೊಲ ಉಳುವವನಿಗೂ ನೂಲು ತೆಗೆಯುವವಳಿಗೂ ವಿಧಿಸಿದ ಧರ್ಮವೆಂದು ಆ ಶಬ್ದವು ಸೂಚಿಸುತ್ತದೆ.

ಈ ತತ್ವವು ಪುಸ್ತಕದಲ್ಲಿ ಸುಲಭವಾದುದು. ಮಲಪ್ರಭೆಯ ಈ ಸೀಮೆಯಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಮುತ್ತ ಅದಕ್ಕೆ ಯಾವ ಗತಿ ಒದಗಿತೆಂಬುದನ್ನು ನೋಡುವದೇ ಈ ಲೇಖದ ಉದ್ದೇಶ.

ಇ. ಸ. 1818ರಲ್ಲಿ ಪೇಶವೆಯವರ ರಾಜ್ಯ ಮುಳುಗಿತು. ಎರಡು ವರುಷಗಳ ತರುವಾಯ, 1820ರಲ್ಲಿ, ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಎಂಬ ಪಾದ್ರಿಗಳು ಬಳ್ಳಾರಿಯಿಂದ ಬೆಳಗಾವಿಗೆ ಬಂದು ನೆಲೆಸಿದರು. ಅವರನ್ನು ಬರಮಾಡಿಕೊಂಡವನು ಜನರಲ್ ಪ್ರಿಟ್ಜ್ಲರ್ ಎಂಬ ದಂಡಾಳು. ಆ ಪಾದ್ರಿಗಳ ಮೊದಲ ಆಶ್ರಯವು ಲಷ್ಕರದ ಬೀಡೇ. ನಾಲ್ಕು ವರುಷಗಳೊಳಗಾಗಿ, 1824ನೆಯ ಅಕ್ಟೋಬರ್ 23ರಂದು, ಕಿತ್ತೂರ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇದು ಎಲ್ಲರೂ ಬಲ್ಲ ಕಥೆ. ಆದರೆ ಆಗ ಬೆಳಗಾವಿಯಿಂದ ಧಾರವಾಡದ ದಾರಿ ಹಿಡಿದು ಶಾಂತಿಯ ಸುವಾರ್ತೆ ಸಾರುತ್ತ ಬಂದ ಬಿಳಿಯ ಮನುಷ್ಯನು ಕಿತ್ತೂರಿನ ರೈತನ ಕಣ್ಣಿಗೆ ಹೇಗೆ ಕಂಡಿರಬೇಕು! ತೋಪಿನ ಬೆನ್ನಿಗೆ ಬಂದವನು ತಾನು ಪವಿತ್ರನೆಂದು ಬಾಯಿಂದ ಹೇಳಿದರೆ ನಂಬುವವರಾರು? ಈ ನಾಡಿನಲ್ಲಿ ಕ್ರೈಸ್ತರ ಪರಿಶುದ್ಧತೆಯು ಉಪಯೋಗದಿಂದಲೇ ತನ್ನನ್ನು ತೋರಿಸಿಕೊಳ್ಳಬೇಕಾಯಿತು; ಬೇರೆ ಸಾಕ್ಷಿಯನ್ನು ಕೇಳುವ ತಾಳ್ಮೆ ಜನರಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಟೇಲರರೂ ಅವರ ಜೊತೆಗಾರರಾದ ವಿಲಿಯಮ್ ಬೆನನ್ನರೂ ಶಾಲೆಗಳಿಗೆ ಕೈಹಾಕಿದರು. ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲು ಎಂಬ ಹೆಸರಿನಲ್ಲಿ ಅವರ ಗುರುತು ಉಳಿದಿದೆ.

ದಕ್ಷಿಣದ ಮಗ್ಗುಲಿಗೆ ಬಾಸೆಲ್ ಮಿಶನ್ನಿನವರು ಬಂದರು. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಅವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಆ ದಿನಗಳಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಕೆಲವರು ಪಡುವಣದಿಂದ ಬರುವ ಗುರುಗಳನ್ನು ಕಾಯುತ್ತಿದ್ದು, ಈ ಪಾದ್ರಿಗಳೇ ಅವರಿರಬೇಕೆಂದು ಬಗೆದು ಸಮೀಪಿಸಿದರು. ಪಾದ್ರಿಗಳಿಗೆ ಆಸೆ ಉಕ್ಕಿತು. 1841ರಲ್ಲಿ ಗದಗಿನ ಹತ್ತಿರದ ಮಲಸಮುದ್ರದಲ್ಲಿ ಕ್ರೈಸ್ತ ಒಕ್ಕಲುತನದ ವಸತಿಯೊಂದನ್ನು ಹೂಡಿದರು. ನಿರೀಕ್ಷಿಸಿದ ಜನ ಬರಲಿಲ್ಲ, ವಸತಿ ಬೆಳೆಯಲಿಲ್ಲ. ತಲೆ ಎಣಿಸಿ ಪುಣ್ಯ ಅಳೆಯುವವರಿಗೆ ಇದು ಸೋಲೇ ಸರಿ.

ಈ ಸೋಲಿನ ನೆರಳಿನಲ್ಲಿಯೇ ಬೇರೊಂದು ಬಗೆಯ ಉಪಯೋಗವು ಮೊಳೆಯಿತು. ಹೆರ್ಮನ್ ಮೋಗ್ಲಿಂಗರು ಧಾರವಾಡದಲ್ಲಿಯೂ ಕೆಲಸಮಾಡಿದವರು; 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ವೃತ್ತಪತ್ರವನ್ನು ಹೊರಡಿಸಿದರು. 1848ರಿಂದ 1853ರವರೆಗೆ ಕಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ದ್ರವ್ಯಸಹಾಯದಿಂದ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕ್ರಿಸ್ತನನ್ನು ಸಾರಬಂದವರು ಬಸವಪುರಾಣವನ್ನು ಅಚ್ಚುಹಾಕಿದುದು ಹೇಗೆಂದು ಕೇಳಬಹುದು. ಜನರ ಮನಸ್ಸನ್ನು ಅರಿಯದೆ ಜನರೊಡನೆ ಮಾತನಾಡಲಾಗದೆಂಬ ವಿವೇಕವು ಒಂದು ಕಾರಣ. ಕೆಲಸ ಮಾಡುತ್ತ ಮಾಡುತ್ತ ಹುಟ್ಟಿದ ಪ್ರೀತಿಯು ಇನ್ನೊಂದಿರಬೇಕು.

ಫರ್ಡಿನಾಂಡ್ ಕಿಟೆಲ್ ಸಾಹೇಬರ ವಿಷಯವು ಇದಕ್ಕಿಂತ ಗಹನವಾದುದು. 1832ರಲ್ಲಿ ಜರ್ಮನಿಯ ವಾಯವ್ಯದ ಕಡಲತಡಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದು, ಮೊದಲು ಧಾರವಾಡ ಪ್ರಾಂತದಲ್ಲಿ ಭಾಷೆ ಕಲಿತರು. ಹಳ್ಳಿಗಳನ್ನು ಕಾಲುನಡಿಗೆಯಿಂದ ತಿರುಗಿ, ಇಲ್ಲಿಯವರಿಗೆ ಇಲ್ಲಿಯವನಂತಾಗಬೇಕೆಂದು ಬಗೆದವರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹಾಡಿದರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು, ಎರಡು ದಶಕಗಳಷ್ಟು ಕಾಲ ತೇಯ್ದು 1894ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನು ಮಂಗಳೂರಿನಿಂದ ಹೊರತಂದರು. ಸುಮಾರು 70,000 ಶಬ್ದಗಳು. ಹಳಗನ್ನಡದ ಕಾವ್ಯಪ್ರಯೋಗಗಳ ಮಗ್ಗುಲಲ್ಲಿಯೇ ಒಕ್ಕಲಿಗರ ಗಾದೆಗಳು ಅಲ್ಲಿ ಕುಳಿತಿವೆ. ಪಂಡಿತರ ಮಾತಿಗೂ ಸಂತೆಯ ಮಾತಿಗೂ ಪಂಕ್ತಿಭೇದ ಮಾಡದ ಗ್ರಂಥವದು.

ಮಿಶನ್ನಿನೊಳಗೆ ಈ ವ್ಯಾಸಂಗವು ಎಲ್ಲರಿಗೂ ರುಚಿಸಿರಲಿಲ್ಲ. ಪಾದ್ರಿಯ ಕೆಲಸ ಆತ್ಮಗಳ ರಕ್ಷಣೆಯೋ ಅಥವಾ ತಾಳೆಯೋಲೆಗಳ ರಕ್ಷಣೆಯೋ? ಪ್ರಶ್ನೆಯು ತೀರ ಅನ್ಯಾಯದ್ದಲ್ಲ. ಬಾಸೆಲಿನ ಮಿಶನ್ನು ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಿಂದ ಬೆಳೆದುದು; ಪ್ರಾರ್ಥನೆ, ದುಡಿಮೆ, ಶಿಸ್ತು ಇವೇ ಅದರ ಉಸಿರು. ನೇಕಾರಿಕೆಯನ್ನೂ, 1865ರಿಂದ ಮಂಗಳೂರು ಹೆಂಚಿನ ಕಾರಖಾನೆಯನ್ನೂ ಅದು ಒಪ್ಪಿದ್ದು ಮತಾಂತರದಿಂದ ಜಾತಿಯ ಕಸಬು ಕಳೆದುಕೊಂಡವರಿಗೆ ಅನ್ನ ಬೇಕೆಂದು. ಹೆಂಚಿನ ಉಪಯೋಗ ಕಣ್ಣಿಗೆ ಕಾಣುವದು, ಶಬ್ದಕೋಶದ್ದು ಕಾಣದು. ಕಿಟೆಲರೂ ಉದಾರವಾದಿಯೇನಲ್ಲ. ನಮ್ಮ ಮತಗಳನ್ನು ಅವರು ಒಪ್ಪಿದವರಲ್ಲ. ಕ್ರಿಸ್ತನನ್ನು ತಲುಪಿಸುವ ಸಾಧನವೆಂದೇ ಅವರು ಕನ್ನಡವನ್ನು ಹಿಡಿದರು. ಅವರ ಉದ್ದೇಶವನ್ನು ಮರೆಮಾಚಿ ಬರಿ ಭಾಷಾಸೇವಕರೆಂದು ಹೊಗಳುವದು ಈಚೆಯ ರೂಢಿ. ಆ ಹೊಗಳಿಕೆಯಲ್ಲಿ ಅವರ ಅರ್ಧ ಜೀವನವೇ ಕಳೆದುಹೋಗುತ್ತದೆ. ಪಾತ್ರೆಯು ತನಗೆ ತೋರಿದುದಕ್ಕಾಗಿ ತನ್ನನ್ನು ಒಪ್ಪಿಸಿಕೊಂಡಿತು. ಒಡೆಯನು ಅದನ್ನು ಬೇರೊಂದಕ್ಕೂ ಬಳಸಿದನು ಎಂದು ಶ್ರದ್ಧಾವಂತ ಕ್ರೈಸ್ತನು ಹೇಳಬಹುದು. ಇತಿಹಾಸಕಾರನು ಹೇಳಬಹುದಾದುದು ಇಷ್ಟೇ: ಮತಾಂತರದ ಲೆಕ್ಕದಲ್ಲಿ ನಿರುಪಯೋಗಿಯೆನಿಸಿದ ದುಡಿಮೆಯೇ ಎಲ್ಲ ಮತದ ಕನ್ನಡಿಗರ ಮನೆಗಳಲ್ಲಿ ಉಳಿಯಿತು.

ಬೆಳಗಾವಿಯ ಕ್ಷೇತ್ರವನ್ನು ಲಂಡನ್ ಮಿಶನ್ನಿನವರು 1904ರಲ್ಲಿ ಅಮೇರಿಕೆಯ ಮೆಥಡಿಸ್ಟರಿಗೆ ಒಪ್ಪಿಸಿದರು. ಬೈಲಹೊಂಗಲದ ಕಡೆಯ ಸಭೆಗಳು ಈ ಪರಂಪರೆಗೆ ಸೇರಿದವು. ಮೆಥಡಿಸ್ಟರ ಮೂಲಪುರುಷನಾದ ಜಾನ್ ವೆಸ್ಲಿಯು ಪರಿಪೂರ್ಣ ಪ್ರೀತಿಯನ್ನೇ ಪರಿಶುದ್ಧತೆಯೆಂದು ಬೋಧಿಸಿದನು. ನೆರೆಯವರ ಸಂಗಡ ಕೂಡಿ ಬಾಳದ ಒಂಟಿ ಪಾವಿತ್ರ್ಯವನ್ನು ಅವನು ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದಿಂದಲೂ ಕಾಯಕದ ಮಾತು ಕೇಳಿಬಂದ ನಾಡಿಗೆ ಇದು ತೀರ ಹೊಸದಾಗಿ ತೋರಿರಲಾರದು.

ದೇವರ ಉಪಯೋಗಕ್ಕೆ ಒಂದು ಜೀವವನ್ನು ಮೀಸಲಿಡುವದೆಂಬ ಮಾತು ಬಂದಾಗ ಸವದತ್ತಿಯ ಗುಡ್ಡವನ್ನು ನೆನೆಯದೆ ಮುಂದೆ ಹೋಗಲಾಗದು. ಎಲ್ಲಮ್ಮನ ಭಕ್ತಿಯನ್ನು ಹಗುರಾಗಿ ಕಾಣುವದು ನನ್ನ ಉದ್ದೇಶವಲ್ಲ. ಆದರೆ ಅರಿಯದ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರ ಹೆಸರಿನಿಂದ ಮನುಷ್ಯರ ಬಳಕೆಗೆ ಬಿಟ್ಟ ಪದ್ಧತಿಯು ಇದ್ದದ್ದು ನಿಜ. ಅದನ್ನು ನಿಲ್ಲಿಸಲು 1934ರಲ್ಲಿ ಮುಂಬಯಿ ಇಲಾಖೆಯಲ್ಲಿಯೂ 1982ರಲ್ಲಿ ಕರ್ನಾಟಕದಲ್ಲಿಯೂ ಕಾಯದೆಗಳಾಗಬೇಕಾಯಿತು. ಪೌಲನ ದೃಷ್ಟಾಂತದಲ್ಲಿ ಒಂದು ಸೂಕ್ಷ್ಮವಿದೆ: ಪಾತ್ರೆಯು ತನ್ನನ್ನು ತಾನೇ ಶುದ್ಧಮಾಡಿಕೊಳ್ಳುತ್ತದೆ. ಇನ್ನೊಬ್ಬರು ಎತ್ತಿ ಒಪ್ಪಿಸಿದುದು ಸಮರ್ಪಣವಲ್ಲ. ಕ್ರೈಸ್ತರಿಗೂ ಈ ಕಟ್ಟಳೆ ಅನ್ವಯಿಸುತ್ತದೆ. 1876ರಿಂದ 78ರವರೆಗಿನ ಬರಗಾಲದಲ್ಲಿ ಮಿಶನ್ನುಗಳು ಅನಾಥ ಮಕ್ಕಳಿಗೆ ಅನ್ನವಿಕ್ಕಿ ಬದುಕಿಸಿದುದು ದೊಡ್ಡ ಪುಣ್ಯ. ಆ ಮಕ್ಕಳ ನಂಬಿಕೆಯಲ್ಲಿ ಅವರ ಸ್ವಂತ ಒಪ್ಪಿಗೆ ಎಷ್ಟು, ಅನ್ನದ ಋಣ ಎಷ್ಟು ಎಂಬುದು ಕೇಳಲೇಬೇಕಾದ ಮಾತು.

ತಾನಾಗಿ ಒಪ್ಪಿಸಿಕೊಂಡವರ ಉದಾಹರಣೆ ಬೇಕಾದರೆ ಹೊರನಾಡಿಗೆ ಹೋಗಬೇಕಾಗಿಲ್ಲ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನಲ್ಲಿ ಕಲಿತು, ಪಾದ್ರಿಗಳಾದರು. ಒಂದನೆಯ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ನಾಡು ಬಿಡಬೇಕಾಗಿ ಬಂದಾಗ ಸಭೆಗಳ ಭಾರವು ಇಂತಹ ದೇಶೀಯರ ಹೆಗಲಿಗೆ ಬಿದ್ದಿತು. ಹಡಗಲಿಯಂತಹ ಊರಿನಲ್ಲಿ ಸಭೆಯನ್ನು ಪಾಲಿಸುತ್ತಲೇ ಅವರು ಸರ್ವಜ್ಞನ ಬೆನ್ನುಹತ್ತಿದರು. ಓಲೆಗಳಲ್ಲಿದ್ದುದನ್ನೂ ಜನರ ಬಾಯಲ್ಲಿದ್ದುದನ್ನೂ ವರುಷಗಟ್ಟಲೆ ಕೂಡಿಸಿ, ಪಾಠಗಳನ್ನು ತೂಗಿನೋಡಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಮನೆಯಿಲ್ಲದೆ ತಿರಿದುಂಡು ಸತ್ಯ ನುಡಿದ ಆ ಜಂಗಮನಲ್ಲಿ ಕ್ರೈಸ್ತ ಪಾದ್ರಿಯು ತನ್ನವನನ್ನು ಕಂಡಂತಿದೆ. ಜನರು ಅವರನ್ನೇ ‘ತಿರುಳ್ಗನ್ನಡದ ತಿರುಕ’ರೆಂದು ಕರೆದರು. ಕ್ರಿಸ್ತನನ್ನು ಅವರು ಬಿಡಲಿಲ್ಲ. ಬೆತ್ಲೆಹೇಮು ಬನಾರಸಕ್ಕೆ ಮಾಡುವ ವಿನಂತಿಯೆಂದು ಒಂದು ಗ್ರಂಥವನ್ನೇ ಬರೆದರು. ಆಜ್ಞೆಯಲ್ಲ, ವಿನಂತಿ. ಟೇಲರರು ದಂಡಿನ ಬೀಡಿನಲ್ಲಿ ಇಳಿದ ದಿನದಿಂದ ಈ ಒಂದು ಶಬ್ದದವರೆಗೆ ಬರಲು ನೂರು ವರುಷ ಹಿಡಿಯಿತು.

1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಈ ಪಾದ್ರಿಗಳೇ. ಹೈದರಾಬಾದು ಸಂಸ್ಥಾನವು ಹಿಂದೂಸ್ಥಾನದಲ್ಲಿ ಸೇರಿ ಇನ್ನೂ ವರುಷ ತುಂಬಿರಲಿಲ್ಲ. ರಾಮದುರ್ಗ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದೂ ಅದರ ಹಿಂದಿನ ವರುಷವೇ. ನಾಡು ಒಂದಾಗುವ ಆ ಹೊತ್ತಿನಲ್ಲಿ ಅವರ ಮತವನ್ನು ಯಾರೂ ಅಡ್ಡಿಯೆಂದು ಎಣಿಸಲಿಲ್ಲ. ಊರಿಗೆ ಮರಳಿ ಚನ್ನಪ್ಪನವರು ಮತ್ತೆ ಶರಣರ ವಚನಗಳ ಸಂಪಾದನೆಗೆ ಕುಳಿತರು. 1951ರಲ್ಲಿ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತ ಅವರ ಗ್ರಂಥವು ಹೊರಬಂದಿತು.