ಹಾಲು ಹಾಳಾದ ಒಂದಕ್ಷರ

ನಮ್ಮ ಹೊಲದ ಬದುವಿನ ಮೇಲೆ ನಿಂತ್ರೆ ನೀಲಗಿರಿ ಬೆಟ್ಟ ಕಾಣ್ತದೆ. ಆ ಬೆಟ್ಟದ ಬುಡದಿಂದ ಇರುಳರ ಹೆಣ್ಣುಮಗಳೊಬ್ಬಳು ನಮ್ಮಲ್ಲಿಗೆ ಕಳೆ ಕೀಳೋಕೆ ಬರ್ತಿದ್ಲು. ಅವಳ ಮಗನಿಗೆ ಆಗಾಗ ಮೂಳೆ ನೋವು, ಕಣ್ಣು ಹಳದಿ. ಜೊತೆ ಕೂಲಿಯವರು "ತಾಯಿ ಮಾಡಿದ ಪಾಪ" ಅಂತಿದ್ರು. ನಾನೂ ಕೇಳಿಸಿಕೊಂಡು ಸುಮ್ಮನಿದ್ದೆ. ಆಮೇಲೆ ರಕ್ತ ಪರೀಕ್ಷೆ ಮಾಡಿ ಅದು ಸಿಕಲ್ ಸೆಲ್ ಕಾಯಿಲೆ ಅಂದ್ರು. ಅದರ ಚರಿತ್ರೆಯನ್ನ ಮೇಷ್ಟ್ರನ್ನ ಕೇಳಿ ತಿಳಿದು ಬರೀತಾ ಇದ್ದೀನಿ.

1910ರಲ್ಲಿ ಅಮೆರಿಕದ ಶಿಕಾಗೊ ಊರಿನ ಡಾಕ್ಟರ್ ಜೇಮ್ಸ್ ಹೆರಿಕ್ ಎಂಬುವರು ಒಬ್ಬ ರೋಗಿಯ ರಕ್ತದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕಣಗಳನ್ನು ಕಂಡು ಬರೆದರು. ದುಂಡಗಿರಬೇಕಾದ ಕಣ ಬಾಗಿದರೆ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ತದೆ, ನೋವು ಅದರಿಂದಲೇ. ಇದು ಆಫ್ರಿಕಾ ಮೂಲದವರ ಕಾಯಿಲೆ ಅಂತ ಬಹಳ ಜನ ನಂಬಿದ್ದರು. 1952ರಲ್ಲಿ ಹರ್ಮನ್ ಲೇಮನ್, ಮೇರಿ ಕಟ್‌ಬುಷ್ ಎಂಬ ವಿಜ್ಞಾನಿಗಳು ನಮ್ಮ ನೀಲಗಿರಿಯ ಇರುಳ, ಕುರುಂಬ, ಪಣಿಯ ಜನರ ರಕ್ತದಲ್ಲೂ ಇದರ ಗುಣ ಇದೆ ಅಂತ ತೋರಿಸಿದರು.

ತಪ್ಪು ಎಲ್ಲಿದೆ? ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಮಣಿಸರದ ಹಾಗೆ. 1957ರಲ್ಲಿ ವರ್ನನ್ ಇಂಗ್ರಾಮ್ ಅದರಲ್ಲಿ ಒಂದೇ ಮಣಿ ಬೇರೆ ಅಂತ ಹೇಳಿದರು. 146 ಮಣಿಯ ಸರದಲ್ಲಿ ಅದು ಆರನೆಯದು. ಆ ಸರ ಪೋಣಿಸೋ ಕ್ರಮ ಬರೆದಿರೋದು ಜೀನಿನಲ್ಲಿ. ಅಲ್ಲಿ ಒಂದೇ ಅಕ್ಷರ ಬದಲಾಗಿದೆ. ನಾನು ಹಾಡುವಾಗ "ಹಾಲು" ಅನ್ನೋ ಕಡೆ "ಹಾಳು" ಅಂದ್ರೆ ಏನಾಗ್ತದೋ ಹಾಗೆ.

ಇನ್ನೊಂದು ಮಾತು. ನನ್ನ ತಲೇಲಿ ನೂರಾರು ಪದ ಇದೆ, ಎಲ್ಲಾನೂ ಒಟ್ಟಿಗೆ ಹಾಡಲ್ಲ. ತೊಟ್ಟಿಲ ಹತ್ರ ಜೋಗುಳ, ಹಸೆಮಣೆ ಹತ್ರ ಸೋಬಾನೆ. ಮೈಯೊಳಗಿನ ಜೀನುಗಳೂ ಹಾಗೇ. ರಕ್ತದ ಜೀನು ಚರ್ಮದಲ್ಲೂ ಇರ್ತದೆ, ಆದರೆ ಕೆಲಸ ಮಾಡೋದು ಮೂಳೆ ಮಜ್ಜೆಯಲ್ಲಿ. ಗರ್ಭದಲ್ಲಿದ್ದಾಗ ಮಗುವಿಗೆ ಬೇರೆ ಹಿಮೋಗ್ಲೋಬಿನ್. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಆ ಹಾಡು ನಿಂತು ದೊಡ್ಡವರ ಹಾಡು ಶುರುವಾಗ್ತದೆ. ಅದಕ್ಕೇ ಮೊದಲು ಚೆನ್ನಾಗಿದ್ದ ಕೂಸು ಆಮೇಲೆ ನರಳ್ತದೆ. ಹೈಡ್ರಾಕ್ಸಿಯೂರಿಯಾ ಅನ್ನೋ ಮಾತ್ರೆ ಗರ್ಭದ ಹಾಡನ್ನ ತಿರುಗಿ ಸ್ವಲ್ಪ ಹಾಡಿಸ್ತದೆ, ನೋವು ಕಮ್ಮಿ ಆಗ್ತದೆ.

ಈ ತಪ್ಪಕ್ಷರ ತಾಯಿಯೊಬ್ಬಳಿಂದ ಬರೋದಲ್ಲ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಇದ್ದು, ಎರಡೂ ಮಗುವಿಗೆ ಬಂದ್ರೆ ಕಾಯಿಲೆ. ಅಂಥ ದಂಪತಿಗೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ. ಒಂದೇ ಬಂದವರು ಸಾಮಾನ್ಯವಾಗಿ ಗಟ್ಟಿಯಾಗೇ ಇರ್ತಾರೆ. ಅಂಥವರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಅಂತ 1954ರಲ್ಲಿ ಆಂಥೊನಿ ಆಲಿಸನ್ ತೋರಿಸಿದರು. ಸೊಳ್ಳೆ ಕಾಟದ ಕಾಡಲ್ಲಿ ಆ ಅಕ್ಷರ ಎಷ್ಟೋ ಜೀವ ಉಳಿಸಿದೆ. ಇದು ಪಾಪ ಹೇಗಾದೀತು?

2023ರ ಜುಲೈ 1ರಿಂದ ಕೇಂದ್ರ ಸರ್ಕಾರ ಈ ಕಾಯಿಲೆ ಪತ್ತೆಗೆ ದೇಶದ ಮಟ್ಟದಲ್ಲಿ ಕೆಲಸ ಶುರುಮಾಡಿದೆ. ಮದುವೆಗೆ ಮುಂಚೆ ಜಾತಕ ನೋಡುವವರು ರಕ್ತವನ್ನೂ ನೋಡಿಸಲಿ. ಮೇಷ್ಟ್ರುಗಳು ಮಕ್ಕಳಿಗೆ ಇದನ್ನ ಹೇಳಿಕೊಡಲಿ.

ಆ ತಾಯಿಗೆ ನಾನು ಅವತ್ತೇ ಹೇಳಬೇಕಿತ್ತು. ಈಗ ಅವಳು ಕೆಲಸಕ್ಕೆ ಬರೋದಿಲ್ಲ. ಅದಕ್ಕೇ ಇಲ್ಲಿ ಬರೆದೆ.