ಕಾವಲಿನಿಂದ ಆರೈಕೆಗೆ: ಮನೋರೋಗ ನರ್ಸ್‌ಗಳ ಚರಿತ್ರೆ ಮತ್ತು ನಮ್ಮ ಕೇರಿಗೆ ಬರಬೇಕಾದ ಬಾಕಿ



ನಿಮ್ಹಾನ್ಸ್ ಅಂದ ಕೂಡ್ಲೆ ನಮ್ಮ ಜನಕ್ಕೆ ನೆನಪಾಗೋದು ದೊಡ್ಡ ಡಾಕ್ಟರು, ಉದ್ದನೆ ಕ್ಯೂ, ಕರೆಂಟ್ ಕೊಡ್ತಾರಂತೆ ಅನ್ನೋ ಭಯ. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ರಾತ್ರಿಯೆಲ್ಲಾ ರೋಗಿಯ ಪಕ್ಕ ಇರೋದು ನರ್ಸ್. ಅವರ ಚರಿತ್ರೆ ಬರೆಯೋರು ಕಡಿಮೆ. ಆ ಚರಿತ್ರೆಯಲ್ಲಿ ನಮ್ಮ ಕೇರಿಗಳಿಗೆ ಸಲ್ಲಬೇಕಾದ ಒಂದು ಬಾಕಿ ಇದೆ, ಅದಕ್ಕೇ ಬರೀತಿದೀನಿ.

ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲ. 1847-48ರ ಸುಮಾರಿಗೆ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರು ಪೇಟೆಯಲ್ಲಿ ಹುಚ್ಚಾಸ್ಪತ್ರೆ ಶುರು ಮಾಡಿಸಿದರು. ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ರೋಗಿಯನ್ನ ನೋಡಿಕೊಳ್ಳೋದು ಅಂದ್ರೆ ಮುಖ್ಯವಾಗಿ ಕಾವಲು. ಓಡಿ ಹೋಗದಂಗೆ ಹಿಡಿಯೋದು, ಸ್ನಾನ ಮಾಡಿಸೋದು, ಮಲಮೂತ್ರ ತೆಗೆಯೋದು, ಉಣ್ಣಿಸೋದು.

ನಮ್ಮ ದೇಶದಲ್ಲಿ ಈ ಕೆಲಸದ ಮೇಲೆ ಜಾತಿಯ ನೆರಳು ಬೀಳದೇ ಇರುತ್ತಾ? ಕಂಡವರ ಮೈ ಮುಟ್ಟೋ, ಹೊಲಸು ತೆಗೆಯೋ ಕೆಲಸ ಅಂತ ಮೇಲ್ಜಾತಿ ಮನೆಗಳು ಬಹುಕಾಲ ತಮ್ಮ ಹೆಣ್ಣುಮಕ್ಕಳನ್ನ ನರ್ಸಿಂಗ್‌ಗೆ ಕಳಿಸಲಿಲ್ಲ. ತಲೆಯ ಕೆಲಸಕ್ಕೆ ಒಂದು ಬೆಲೆ, ಕೈಯ ಕೆಲಸಕ್ಕೆ ಇನ್ನೊಂದು ಬೆಲೆ ಅನ್ನೋ ನಮ್ಮ ಹಳೇ ಲೆಕ್ಕ ಆಸ್ಪತ್ರೆಯ ವಾರ್ಡಿಗೂ ಬಂತು. ಮುಟ್ಟೋರ ಹತ್ರ ಜ್ಞಾನ ಇರುತ್ತೆ ಅಂತ ಒಪ್ಪೋಕೆ ಈ ಸಮಾಜಕ್ಕೆ ಬಹಳ ಕಾಲ ಬೇಕಾಯ್ತು.

1925ರಲ್ಲಿ ಆ ಆಸ್ಪತ್ರೆಗೆ ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆ ಅಂತ ಹೆಸರಾಯ್ತು. 1930ರ ದಶಕದಲ್ಲಿ ಅದು ಲಕ್ಕಸಂದ್ರದ ಕಡೆಗೆ ಬಂತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, ಡಾ. ಎಂ.ವಿ. ಗೋವಿಂದಸ್ವಾಮಿ ಮೊದಲ ನಿರ್ದೇಶಕರಾದರು. 1956ರಲ್ಲಿ ಅಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಆರಂಭವಾಯ್ತು. ಇದು ಸಣ್ಣ ಸಂಗತಿ ಅಂದ್ಕೋಬೇಡಿ. ರೋಗಿಯ ಜೊತೆ ಇರೋದೂ ಓದಿ, ಪರೀಕ್ಷೆ ಬರೆದು ಕಲಿಯೋ ವಿದ್ಯೆ ಅಂತ ಒಪ್ಪಿಕೊಂಡಂಗಾಯ್ತು. 1974ರ ಡಿಸೆಂಬರ್ 27ಕ್ಕೆ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯ್ತು.

ಆ ವಿದ್ಯೆ ಏನು ಅಂತ ಕೇಳ್ತೀರಾ? ನಾಲ್ಕು ಉದಾಹರಣೆ ಕೊಡ್ತೀನಿ.

ಒಬ್ಬ ಅಜ್ಜ ಇದ್ದಕ್ಕಿದ್ದಂಗೆ ರಾತ್ರಿ ಏನೇನೋ ಬಡಬಡಿಸ್ತಾನೆ. ಕಲಿತ ನರ್ಸ್ ಮೊದಲು ಜ್ವರ, ಸಕ್ಕರೆ, ಉಸಿರು ನೋಡ್ತಾರೆ. ಮೈಯ ಕಾಯಿಲೆಯೇ ತಲೆ ಕೆಡಿಸಿರಬಹುದು.

ದಿನಾ ಕುಡಿಯೋನು ಕುಡಿತ ನಿಲ್ಲಿಸಿ ಎರಡು ಮೂರು ದಿನಕ್ಕೆ ನಡುಗ್ತಾನೆ, ಗೋಡೆ ಮೇಲೆ ಹುಳ ಹರೀತಿದೆ ಅಂತಾನೆ. ಇದು ನಾಟಕ ಅಲ್ಲ, ಪ್ರಾಣ ಹೋಗಬಹುದಾದ ತುರ್ತು.

ಹೊಸದಾಗಿ ಮಾತ್ರೆ ಶುರು ಮಾಡಿದ ಹುಡುಗನ ಕತ್ತು ಒಂದು ಕಡೆ ತಿರುಚಿಕೊಳ್ಳುತ್ತೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತೆ. ಮನೆಯವರು ದೆವ್ವ ಅಂತಾರೆ. ನರ್ಸ್‌ಗೆ ಗೊತ್ತು, ಇದು ಔಷಧಿಯ ಅಡ್ಡಪರಿಣಾಮ, ತಕ್ಷಣ ಡಾಕ್ಟರಿಗೆ ತಿಳಿಸಿದ್ರೆ ಇಳಿಯುತ್ತೆ.

ತಿಂಗಳುಗಟ್ಟಲೆ ಅಳ್ತಿದ್ದ ಹೆಂಗಸು ಒಂದಿನ ಇದ್ದಕ್ಕಿದ್ದಂಗೆ ಶಾಂತವಾಗಿ, ತನ್ನ ಸಾಮಾನು ಹಂಚೋಕೆ ಶುರು ಮಾಡ್ತಾಳೆ. ಹುಷಾರಾದಳು ಅಂತ ಮನೆಯವರಿಗೆ ಖುಷಿ. ನರ್ಸ್ ಪಕ್ಕ ಕೂತು "ಸಾಯಬೇಕು ಅನ್ನಿಸ್ತಿದೆಯಾ ತಾಯಿ?" ಅಂತ ನೇರವಾಗಿ ಕೇಳ್ತಾರೆ. ಹಂಗೆ ಕೇಳಿದ್ರೆ ಸಾಯೋ ಯೋಚನೆ ಬರಲ್ಲ, ಒಳಗಿದ್ದದ್ದು ಹೊರಗೆ ಬರುತ್ತೆ.

ಗಮನಿಸೋದು, ಅರ್ಥ ಮಾಡ್ಕೊಳ್ಳೋದು, ಏನು ಮಾಡಬೇಕು ಅಂತ ನಿರ್ಧರಿಸೋದು, ಮಾಡಿದ್ದು ಸರಿ ಹೋಯ್ತಾ ಅಂತ ಮತ್ತೆ ನೋಡೋದು. ಇದೇ ಅವರ ವಿವೇಚನೆ. ಪುಸ್ತಕ ಬೇಕು, ಜೊತೆಗೆ ಮನುಷ್ಯರನ್ನ ಮನುಷ್ಯರಂಗೆ ನೋಡೋ ಕಣ್ಣೂ ಬೇಕು.

ಈಗ ಬಾಕಿಯ ವಿಷಯ. ಶೈಲಾ ಪೈ ಮತ್ತು ಡಾ. ಆರ್.ಎಲ್. ಕಪೂರ್ ಬೆಂಗಳೂರಲ್ಲೇ ಮಾಡಿದ ಒಂದು ಅಧ್ಯಯನ 1980ರ ದಶಕದ ಆರಂಭದಲ್ಲಿ ಪ್ರಕಟವಾಯ್ತು. ಸ್ಕಿಜೋಫ್ರೇನಿಯಾ ಇದ್ದ ಒಂದು ಗುಂಪಿನವರನ್ನ ಆಸ್ಪತ್ರೆಗೆ ಸೇರಿಸಿದರು. ಇನ್ನೊಂದು ಗುಂಪಿನವರು ಮನೆಯಲ್ಲೇ ಇದ್ದರು, ನರ್ಸ್ ಅವರ ಮನೆಗೆ ಹೋಗಿ ನೋಡಿಕೊಂಡರು. ಮನೆಯಲ್ಲಿ ಆರೈಕೆ ಸಿಕ್ಕವರೇ ಹೆಚ್ಚು ಚೇತರಿಸಿಕೊಂಡರು, ಮನೆಯವರ ಹೊರೆ ಇಳೀತು, ಖರ್ಚೂ ಕಡಿಮೆಯಾಯ್ತು.

ನಲವತ್ತು ವರ್ಷಕ್ಕೂ ಹಿಂದೆ, ನಮ್ಮೂರಲ್ಲೇ ಸಾಬೀತಾದ ಮಾತಿದು. ಇವತ್ತು ನಮ್ಮ ಕೆಂಪಾಪುರದ ವಠಾರದಲ್ಲಿ ಒಬ್ಬ ಹುಡುಗನಿಗೆ ಮನಸ್ಸು ಕೆಟ್ಟರೆ, ಅವರಮ್ಮ ಮನೆಗೆಲಸಕ್ಕೆ ರಜೆ ಹಾಕಿ, ಆ ದಿನದ ಕೂಲಿ ಕಳ್ಕೊಂಡು, ಅವನನ್ನ ಬಸ್ಸಲ್ಲಿ ಕೂರಿಸ್ಕೊಂಡು ಊರಿನ ಆ ತುದಿಗೆ ಹೋಗಬೇಕು. ಎರಡು ಸಲ ಹೋಗ್ತಾಳೆ, ಮೂರನೇ ಸಲ ಆಗಲ್ಲ. ಮಾತ್ರೆ ನಿಲ್ಲುತ್ತೆ. ಆಮೇಲೆ ಮಂತ್ರವಾದಿ, ಅದೂ ಆಗದಿದ್ರೆ ಸರಪಳಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡೋಕಾಗದೆ ಸುಟ್ಟು ಸತ್ತರು. ಸತ್ತವರು 28 ಮಂದಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಕೊಟ್ಟಿದ್ದೇ ನಮ್ಮ ಬಳ್ಳಾರಿ. ಆ ತಂಡದಲ್ಲಿ ಮನೋರೋಗ ನರ್ಸ್‌ಗೂ ಜಾಗ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಚಿಕಿತ್ಸೆಯನ್ನ ಹಕ್ಕು ಅಂತ ಹೇಳಿದೆ, ಸರಪಳಿ ಹಾಕೋದನ್ನ ನಿಷೇಧಿಸಿದೆ. ಹಾಗಾಗಿ ನಾವು ಕೇಳೋದು ಭಿಕ್ಷೆ ಅಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲೂ ತರಬೇತಿ ಪಡೆದ ನರ್ಸ್ ಮನೆಗೆ ಬರಬೇಕು. ಆ ನರ್ಸ್‌ಗೆ ಕಾಯಂ ಕೆಲಸ, ಸರಿಯಾದ ಸಂಬಳ ಇರಬೇಕು. ನಮ್ಮ ಹೆಣ್ಣುಮಕ್ಕಳು, ಗಂಡುಮಕ್ಕಳು ಆ ವಿದ್ಯೆ ಕಲಿಯೋಕೆ ಹಾಸ್ಟೆಲ್, ವಿದ್ಯಾರ್ಥಿವೇತನ ಸಿಗಬೇಕು.

ಮುಂದಿನ ವಾರ್ಡ್ ಸಭೆಯಲ್ಲಿ ಚರಂಡಿ, ನೀರಿನ ಜೊತೆ ಇದನ್ನೂ ಅರ್ಜಿಯಲ್ಲಿ ಬರೀರಿ. ಬರೆದು ಕೊಡೋಕೆ ನಾನಿದೀನಿ, ಗುಮಾಸ್ತನಾಗಿ ನನಗೆ ಬರೋದೇ ಅದು. ಅಲ್ಲೀವರೆಗೆ ಯಾರಿಗಾದ್ರೂ ಮನಸ್ಸಿನ ಸಂಕಟ ಇದ್ರೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದು ಗೋಡೆಗೆ ಅಂಟಿಸಿ.

ಜೈ ಭೀಮ್.